ಕೀಮೋ ದಿನಗಳಲ್ಲಿ ನೀರು, ರಕ್ತ ಮತ್ತು ಹನ್ನೆರಡು ಹುಣಸೆಬೀಜ

ಹಾಸನದ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವಳು ನಾನು. ಲೆಕ್ಕ ತಪ್ಪಿದ್ದು ಮಾತ್ರ ನನ್ನ ಮೈಯದೇ. ದೊಡ್ಡ ಕರುಳಿನ ಬಲಭಾಗದಲ್ಲಿ, ನನಗಾದಂತೆ, ಕ್ಯಾನ್ಸರ್ ಗಡ್ಡೆ ಬೆಳೆದರೆ ಅದು ಹಲವೊಮ್ಮೆ ನೋವು ಕೊಡದೆ, ಕಣ್ಣಿಗೆ ಬೀಳದಷ್ಟು ರಕ್ತವನ್ನು ತಿಂಗಳುಗಟ್ಟಲೆ ಸೋರಿಸುತ್ತಿರುತ್ತದೆ. ಮೆಟ್ಟಿಲು ಹತ್ತುವಾಗ ಬರುತ್ತಿದ್ದ ಏದುಸಿರನ್ನು ನಾನು ವಯಸ್ಸಿನ ಖಾತೆಗೆ ಬರೆದುಕೊಂಡಿದ್ದೆ. ಆಪರೇಷನ್ನಿಗೆ ಸೇರಿದಾಗ ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಅಂಶ, 8.1. ಹೆಂಗಸರಿಗೆ ಕಡಿಮೆಯೆಂದರೂ 12 ಇರಬೇಕು. ಗಡ್ಡೆ ತೆಗೆದು ಐದು ವಾರಕ್ಕೆ ಕೀಮೋ ಶುರುವಾಯಿತು: ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಮನೆಯಲ್ಲಿ ಕ್ಯಾಪೆಸಿಟಾಬಿನ್ ಮಾತ್ರೆ.

ಮೊದಲ ಮಾತು, ಬಾಯಾರಿಕೆಯನ್ನು ನಂಬಿ ಕೂರಬೇಡಿ. ಬಾಯಿಗೆ ತಾಮ್ರದ ನಾಣ್ಯ ಚೀಪಿದ ರುಚಿ ಹತ್ತಿರುತ್ತದೆ, ಹೊಟ್ಟೆ ತೊಳಸುತ್ತಿರುತ್ತದೆ, ನೀರು ಬೇಕೆಂದು ಅನಿಸುವುದೇ ಇಲ್ಲ. ನಾನು ಎರಡು ಬಟ್ಟಲು ಇಟ್ಟುಕೊಂಡೆ. ಬೆಳಗ್ಗೆ ಒಂದರಲ್ಲಿ ಹನ್ನೆರಡು ಹುಣಸೆಬೀಜ. ಒಂದು ಲೋಟ ಮುಗಿದರೆ ಒಂದು ಬೀಜ ಆಚೆ ಬಟ್ಟಲಿಗೆ. ನಮ್ಮ ಲೋಟ 200 ಮಿಲಿಲೀಟರಿನದು, ಹಾಗಾಗಿ ದಿನಕ್ಕೆ 2.4 ಲೀಟರ್. ಇದು ನನಗೆ ವೈದ್ಯರು ಒಪ್ಪಿದ ಅಳತೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ತಮ್ಮ ಅಳತೆಯನ್ನು ಕೇಳಿಯೇ ಗೊತ್ತುಮಾಡಿಕೊಳ್ಳಬೇಕು. ಒಂದೇ ಗುಟುಕಿಗೆ ಲೋಟ ಖಾಲಿ ಮಾಡಲು ಹೋದರೆ ವಾಂತಿಯಾಗುತ್ತದೆ. ಎರಡೆರಡು ಗುಟುಕು, ಹತ್ತು ನಿಮಿಷ ಬಿಟ್ಟು ಮತ್ತೆರಡು. ಗಂಜಿತಿಳಿ, ಬೇಳೆಕಟ್ಟಿನ ತಿಳಿಸಾರು, ಉಪ್ಪು ಹಾಕಿದ ನೀರುಮಜ್ಜಿಗೆ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಎಳನೀರನ್ನು ಕಣ್ಣೆದುರೇ ಕೊಚ್ಚಿಸಿ ಆಗಲೇ ಕುಡಿಯಿರಿ, ಬಾಟಲಿಗೆ ತುಂಬಿಸಿ ತರಬೇಡಿ. ಮೂತ್ರ ತೆಳು ನಿಂಬೆಪಾನಕದ ಬಣ್ಣಕ್ಕಿದ್ದರೆ ಸರಿ, ಟೀ ಡಿಕಾಕ್ಷನ್ನಿನಂತಿದ್ದರೆ ಬೀಜಗಳು ಸುಳ್ಳು ಹೇಳುತ್ತಿವೆ ಎಂದರ್ಥ.

ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ಒಂದು ವಿಶೇಷ ಎಚ್ಚರಿಕೆ. ಡ್ರಿಪ್ ಆದ ಮೇಲೆ ಕೆಲವು ದಿನ ತಣ್ಣನೆಯ ಯಾವುದನ್ನೂ ಮುಟ್ಟಲಾಗದು. ನನ್ನ ಮೊದಲ ಡ್ರಿಪ್ ಡಿಸೆಂಬರಿನಲ್ಲಿ. ಮರುದಿನ ಬೆಳಗ್ಗೆ ಸ್ಟೀಲ್ ಲೋಟ ಹಿಡಿದೆ, ಬೆರಳಿಗೆ ಸೂಜಿಗಳು ಚುಚ್ಚಿದವು. ಒಂದು ಗುಟುಕು ನೀರು ಇಳಿಯುವಷ್ಟರಲ್ಲಿ ಗಂಟಲು ಹಿಡಿದುಕೊಂಡು ಉಸಿರು ನಿಂತೇಹೋಯಿತೆನಿಸಿತು. ನೀರು ಫ್ರಿಜ್ಜಿನದಲ್ಲ, ರಾತ್ರಿಯಿಡೀ ಅಡುಗೆಮನೆಯಲ್ಲಿದ್ದ ಕೊಡದ್ದು. ಹೆದರಿ ಆ ದಿನ ನೀರನ್ನೇ ಬಿಟ್ಟೆ, ಅದೇ ನನ್ನ ದೊಡ್ಡ ತಪ್ಪು. ಆಮೇಲೆ ಫ್ಲಾಸ್ಕಿನಲ್ಲಿ ಜೀರಿಗೆ ಹಾಕಿ ಕುದಿಸಿದ ಉಗುರುಬೆಚ್ಚನೆಯ ನೀರು, ಪಿಂಗಾಣಿ ಕಪ್ಪು, ಫ್ರಿಜ್ಜಿನಿಂದ ಹಾಲು ತೆಗೆಯುವ ಕೆಲಸ ನಮ್ಮ ಯಜಮಾನರದು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಹಾಲು ಕಾಯಿಸಲು ಕಲಿತದ್ದು ಹೀಗೆ.

ಮಾತ್ರೆಯಿಂದ ಬೇಧಿಯಾದರೆ ಬರೀ ನೀರು ಸಾಲದು, ಓಆರ್‌ಎಸ್ ಬೇಕು. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಬರೆದಿರುವ ಪುಡಿ. ದೊಡ್ಡ ಪ್ಯಾಕೆಟ್ಟಿಗೆ ಸರಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರು. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಸುರಿಯುವುದು ಬೇಡ. ಇಪ್ಪತ್ತನಾಲ್ಕು ಗಂಟೆ ದಾಟಿದರೆ ಚೆಲ್ಲಿಬಿಡಿ.

ಈಗ ರಕ್ತದ ವಿಷಯ. ಎರಡನೆಯ ಡ್ರಿಪ್ಪಿನ ನಂತರ ಮೂರು ದಿನ ಬೇಧಿ ಹತ್ತಿ ಸೊರಗಿ ಹೋದಾಗ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.6 ಬಂತು. ಏರಿತೆಂದು ಕುಣಿಯುವಷ್ಟು ಸಂತೋಷ. ಎರಡು ಬಾಟಲಿ ಸಲೈನ್ ಹೋದ ಮೇಲೆ ಮರುದಿನ ನೋಡಿದರೆ 8.7. ರಕ್ತ ಎಲ್ಲಿಗೂ ಹೋಗಿರಲಿಲ್ಲ. ನೀರು ಬತ್ತಿದ ಸಾರು ಗಟ್ಟಿಯಾಗಿ ಕಂಡಂತೆ, ಮೈಯಲ್ಲಿ ನೀರು ಕಡಿಮೆಯಾದಾಗ ಅಂಕಿ ದೊಡ್ಡದಾಗಿ ಕಂಡಿತ್ತು, ಅಷ್ಟೇ. ಆದ್ದರಿಂದ ಪರೀಕ್ಷೆಯ ಹಿಂದಿನ ದಿನ ಎಷ್ಟು ಬೀಜ ದಾಟಿತ್ತೆಂಬುದನ್ನು ವರದಿಯ ಮೂಲೆಯಲ್ಲಿ ಬರೆದಿಡಿ. ಚೆನ್ನಾಗಿ ನೀರು ಕುಡಿದು ಹೋದರೆ ಸೂಜಿಗೆ ನರವೂ ಬೇಗ ಸಿಗುತ್ತದೆ.

ರಕ್ತ ಕಡಿಮೆಯಾಗಲು ಕಾರಣ ಒಂದೇ ಅಲ್ಲ. ಸೋರಿ ಹೋದ ಕಬ್ಬಿಣಾಂಶ ಒಂದು, ರಕ್ತ ಹುಟ್ಟುವ ಮಜ್ಜೆಯನ್ನು ಕೀಮೋ ಅದುಮಿಡುವುದು ಇನ್ನೊಂದು. ಸಣ್ಣ ಕರುಳಿನ ಕೊನೆಯ ತುಂಡನ್ನೂ ತೆಗೆದಿದ್ದರೆ ಬಿ12 ಹೀರಿಕೊಳ್ಳುವುದಕ್ಕೂ ಪೆಟ್ಟು ಬೀಳಬಹುದು. ಹಾಗಾಗಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟೆಂದು ತೋರಿಸುವುದು) ಮತ್ತು ಬಿ12 ಪರೀಕ್ಷೆ ಬೇಕೇ ಎಂದು ಕೇಳಿ. ನನಗೆ ಕಬ್ಬಿಣಾಂಶವನ್ನು ಡ್ರಿಪ್ಪಿನಲ್ಲೇ ಕೊಟ್ಟರು, ಆಮೇಲೆ ದಿನ ಬಿಟ್ಟು ದಿನ ಮಾತ್ರೆ. ಮಾತ್ರೆಯನ್ನು ನಿಂಬೆರಸದ ಜೊತೆ ನುಂಗಿ. ಹಾಲು, ಕ್ಯಾಲ್ಸಿಯಂ ಮಾತ್ರೆ, ಕಾಫಿ, ಟೀಗೆ ಎರಡು ಗಂಟೆ ದೂರವಿಡಿ. ಫಿಲ್ಟರ್ ಕಾಫಿಯನ್ನು ಊಟದ ಜೊತೆಯಿಂದ ಮಧ್ಯಾಹ್ನ ಮೂರಕ್ಕೆ ತಳ್ಳಿದ್ದು ಕೀಮೋಗಿಂತ ಕಷ್ಟವಾಯಿತು ಎಂದರೆ ನೀವು ನಗುತ್ತೀರಿ.

ಪಕ್ಕದ ಮನೆಯವರು ಪ್ರೀತಿಯಿಂದ ಬೀಟ್‌ರೂಟ್ ರಸ ತರುತ್ತಾರೆ. ಬಣ್ಣ ಕೆಂಪು ಎಂಬುದನ್ನು ಬಿಟ್ಟರೆ ಅದರಲ್ಲಿ ಕಬ್ಬಿಣಾಂಶ ಅಂಥದ್ದೇನಿಲ್ಲ. ಮೂತ್ರವನ್ನು ಕೆಂಪಾಗಿಸಿ ಗಾಬರಿ ಮಾತ್ರ ಹುಟ್ಟಿಸುತ್ತದೆ. ತಿನ್ನುವವರಿಗೆ ಚೆನ್ನಾಗಿ ಬೆಂದ ಮಾಂಸ, ಮೀನು. ನನ್ನಂಥ ಸಸ್ಯಾಹಾರಿಗಳಿಗೆ ಹುರುಳಿಕಾಳು, ಹೆಸರುಕಾಳು, ಹರಿವೆಸೊಪ್ಪಿನ ಹುಳಿ, ಮೇಲೊಂದಿಷ್ಟು ನಿಂಬೆಹಣ್ಣು. ಬೇಧಿಯಿರುವಾಗ ಕಾಳು, ಸೊಪ್ಪು ಬೇಡ, ಗಂಜಿಯೇ ಸರಿ. ಯಾವುದೇ ಪುಡಿ, ಕಷಾಯ, ಲೇಹ್ಯವನ್ನು ವೈದ್ಯರಿಗೆ ತೋರಿಸದೆ ತೆಗೆದುಕೊಳ್ಳಬೇಡಿ. ಆದರೂ ಊಟವೊಂದರಿಂದಲೇ 8 ಎಂಬುದು 11 ಆಗುವುದಿಲ್ಲ. ತೀರಾ ಇಳಿದರೆ ರಕ್ತ ಹಾಕುತ್ತಾರೆ. ಒಂದು ಯೂನಿಟ್ಟಿಗೆ ಸುಮಾರು 1 ಏರುತ್ತದೆ.

ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಆದರೆ ಅದು ಟಾರಿನಂತೆ ಅಂಟಾಗಿ, ಕೆಟ್ಟ ನಾತ ಬಂದರೆ ಒಳಗೆ ರಕ್ತ ಸೋರುತ್ತಿರಬಹುದು, ತಡಮಾಡಬೇಡಿ. ಜ್ವರ 100.4 ಡಿಗ್ರಿ ದಾಟಿದರೆ, ಎದೆನೋವು ಬಂದರೆ, ಕುಳಿತಲ್ಲೇ ಏದುಸಿರು ಬಂದರೆ, ತಲೆಸುತ್ತಿ ಬಿದ್ದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ದಿನನಿತ್ಯಕ್ಕಿಂತ ನಾಲ್ಕು ಸಲ ಹೆಚ್ಚು ಬೇಧಿಯಾದರೆ ಮುಂದಿನ ಕ್ಯಾಪೆಸಿಟಾಬಿನ್ ಮಾತ್ರೆ ನುಂಗುವ ಮುಂಚೆಯೇ ಫೋನ್ ಮಾಡಿ. ಮಾಡುವಾಗ ಎರಡೂ ಬಟ್ಟಲು ಎದುರಿಗಿರಲಿ. ಆ ಕಡೆಯ ನರ್ಸಮ್ಮ ಮೊದಲು ಕೇಳುವುದೇ, ಎಷ್ಟು ಸಲ ಹೋಯಿತು, ಎಷ್ಟು ಕುಡಿದಿರಿ ಎಂದು.