ಭಾನುವಾರ ಏಳೂವರೆಗೆ ಮಲಗಿದ ಸರ್ವರ್

ಮಾಟುಂಗಾದಲ್ಲಿ ಭಾನುವಾರ ಬೆಳಗ್ಗೆ ಏಳೂವರೆ ಎಂದರೆ ಹೋಟೆಲಿನ ಬಾಗಿಲಲ್ಲಿ ಸಾಲು ಶುರುವಾಗುವ ಹೊತ್ತು. ಸರಿಯಾಗಿ ಆ ಹೊತ್ತಿಗೇ ನನ್ನ ಸೋದರಮಾವನ ಹೋಟೆಲಿನ ಬಿಲ್ಲಿಂಗ್ ಸರ್ವರ್ ತನ್ನಷ್ಟಕ್ಕೆ ಅಪ್‌ಡೇಟ್ ಹಾಕಿಕೊಂಡು ರೀಸ್ಟಾರ್ಟ್ ಆಯಿತು. ಡೊಂಬಿವಲಿಯಲ್ಲಿ ಇನ್ನೂ ಹಾಸಿಗೆ ಬಿಡದ ನನಗೆ ಮಾವನ ಫೋನ್ ಬಂತು.

"ಏನು ಮಾರಾಯ, ಕೌಂಟರಿನ ಪರದೆ ಸುತ್ತುತ್ತಲೇ ಇದೆ. ನೀನೇನಾದರೂ ಮುಟ್ಟಿದೆಯಾ?"

ಮುಟ್ಟಿದ್ದೆ, ಶುಕ್ರವಾರ ರಾತ್ರಿ. ಹಳೆಯ ಮಾಣಿಯೊಬ್ಬರು ಪೆನ್ಸಿಲ್ ತೆಗೆದು ಚೀಟಿಯಲ್ಲಿ ಲೆಕ್ಕ ಬರೆಯತೊಡಗಿದ್ದರಿಂದ ಮಾನ ಉಳಿಯಿತು. ಎರಡು ಇಡ್ಲಿ, ಒಂದು ವಡೆ, ಎರಡು ಕಾಫಿ ಎಂದು ಅವರು ಕೂಡಿಸಿದಷ್ಟು ಬೇಗ ನಮ್ಮ ಸಾಫ್ಟ್‌ವೇರ್ ಯಾವತ್ತೂ ಕೂಡಿಸಿಲ್ಲ ಎಂದು ಮಾವ ಈಗಲೂ ಹೇಳುತ್ತಾರೆ.

ಆ ಶುಕ್ರವಾರದವರೆಗೆ ನಾನು ತಿಂಗಳಿಗೊಮ್ಮೆ ರಾತ್ರಿ ಎದ್ದು ಕುಳಿತು, ಅಮೆಜಾನ್ ಕ್ಲೌಡ್‌ನ ಮುಂಬಯಿ ವಲಯದಲ್ಲಿರುವ ಎರಡು ಸರ್ವರ್‌ಗಳಿಗೆ ಕೈಯಾರೆ ಪ್ಯಾಚ್ (ಸಾಫ್ಟ್‌ವೇರ್ ತಿದ್ದುಪಡಿ) ಹಾಕುತ್ತಿದ್ದೆ. ನಿದ್ದೆಗೆಟ್ಟು ಬೇಸತ್ತು, ಸರ್ವರ್ ನೋಡಿಕೊಳ್ಳುವ ಅಮೆಜಾನ್‌ನದೇ ಸೇವೆ ಸಿಸ್ಟಮ್ಸ್ ಮ್ಯಾನೇಜರ್‌ನ ಮೇಂಟೆನೆನ್ಸ್ ವಿಂಡೋವನ್ನು, ಅಂದರೆ ಇಂಥ ಕೆಲಸಗಳು ತಾವಾಗಿ ನಡೆಯುವ ನಿಗದಿತ ಹೊತ್ತನ್ನು, ಟೆರಾಫಾರ್ಮ್ ಕೋಡ್‌ನಲ್ಲಿ ಬರೆದಿಟ್ಟೆ; ಕೋಡ್‌ನಲ್ಲಿ ಬರೆದಂತೆ ಕ್ಲೌಡ್ ಅನ್ನು ಹೊಂದಿಸುವ ಉಪಕರಣ ಅದು. ಹೋಟೆಲಿಗೆ ಸೋಮವಾರ ವಾರದ ರಜೆ. ಹಾಗಾಗಿ ಸೋಮವಾರ ನಸುಕಿನ ಎರಡು ಗಂಟೆ ಎಂದುಕೊಂಡು ನಾನು ಬರೆದ ಕ್ರಾನ್ ಸಾಲು, ಅಂದರೆ ಕೆಲಸ ಯಾವಾಗ ಓಡಬೇಕೆಂದು ಹೇಳುವ ಸಾಲು, ಇಷ್ಟೇ: 0 2 ? * 1 * (ಇದರಲ್ಲಿ 2 ಎಂಬುದು ಗಂಟೆ, 1 ಎಂಬುದು ವಾರ)

ಈ ಒಂದು ಸಾಲಿನಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದು ಗಂಟೆ. ಯಂತ್ರ ಮುಂಬಯಿಯಲ್ಲೇ ಇದ್ದರೂ, ಬೇರೆ ಏನೂ ಹೇಳದಿದ್ದರೆ ವೇಳಾಪಟ್ಟಿ ನಡೆಯುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ಲೆಕ್ಕದಲ್ಲಿ. ಅಲ್ಲಿ ಎರಡು ಎಂದರೆ ನಮಗೆ ಐದೂವರೆ ಗಂಟೆ ಸೇರಿ ಏಳೂವರೆ. ಎರಡನೆಯದು ವಾರ. ಲಿನಕ್ಸ್‌ನ ಕ್ರಾನ್‌ನಲ್ಲಿ ಸೊನ್ನೆ ಭಾನುವಾರ, 1 ಸೋಮವಾರ. ಕೈಗೆ ಅದೇ ಅಭ್ಯಾಸ. ಅಮೆಜಾನ್‌ನ ಲೆಕ್ಕದಲ್ಲಿ 1 ಎಂದರೆ ಭಾನುವಾರ. ಎರಡರಲ್ಲಿ ಯಾವುದಾದರೂ ಒಂದೇ ತಪ್ಪಾಗಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಎರಡೂ ಕೈಜೋಡಿಸಿ ವಾರದ ಅತಿ ಗಿಜಿಗುಟ್ಟುವ ಹೊತ್ತನ್ನೇ ಹುಡುಕಿಕೊಂಡವು. ಪ್ಯಾಚ್ ಹೇಗೆ ಹಾಕಬೇಕೆಂದು ಹೇಳುವ ದಾಖಲೆಯಲ್ಲಿ ರೀಸ್ಟಾರ್ಟ್ ಆಯ್ಕೆಯನ್ನು ನಾನು ಮುಟ್ಟಿರಲಿಲ್ಲ; ಮುಟ್ಟದಿದ್ದರೆ ಅದು 'ಬೇಕಾದರೆ ರೀಸ್ಟಾರ್ಟ್ ಮಾಡು' ಎಂದೇ ಇರುತ್ತದೆ.

ಯುಟಿಸಿಗೆ ನಾನೇ ಲೆಕ್ಕ ಹಾಕಿ ಬದಲಿಸಬಹುದಿತ್ತು. ಆದರೆ ನಮ್ಮ ಸೋಮವಾರ ನಸುಕಿನ ಎರಡು ಗಂಟೆ ಅಲ್ಲಿ ಭಾನುವಾರ ರಾತ್ರಿ ಎಂಟೂವರೆ. ಆರು ತಿಂಗಳ ನಂತರ ಅದನ್ನು ಓದುವ ನಾನೇ 'ಯಾರಪ್ಪ ಭಾನುವಾರ ಎಂದು ಬರೆದವನು' ಎಂದು ತಿದ್ದಿ ಕೆಡಿಸುವುದು ಖಂಡಿತ. ಅದಕ್ಕೇ ವಾರವನ್ನು ಅಂಕಿಯಲ್ಲಿ ಬರೆಯುವುದನ್ನು ಬಿಟ್ಟು ಇಂಗ್ಲಿಷಿನ ಮೂರಕ್ಷರದ ಹೆಸರಿನಲ್ಲಿ (MON) ಬರೆದೆ, ಸಮಯವಲಯದ ಜಾಗದಲ್ಲಿ 'ಏಷ್ಯಾ/ಕೋಲ್ಕತ್ತಾ' ಎಂದು ತುಂಬಿದೆ. ಕಂಪ್ಯೂಟರ್‌ಗಳಲ್ಲಿ ಭಾರತದ ಸಮಯಕ್ಕೆ ಇರುವ ಹೆಸರೇ ಅದು. ಮುಂಬಯಿಯಲ್ಲಿ ಕುಳಿತು ಕೋಲ್ಕತ್ತಾದ ಹೆಸರು ಬರೆಯಬೇಕು! 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಬಂದ ಮೇಲೂ 39 ನಿಮಿಷ ಹಿಂದಿನ ಬಾಂಬೆ ಟೈಮನ್ನು ದಶಕಗಳ ಕಾಲ ಬಿಡದೆ ಹಿಡಿದುಕೊಂಡಿದ್ದ ಊರು ಇದು.

ಇನ್ನೊಂದು ಹುಳುಕು ಆ ದಿನ ಲಾಗ್ ನೋಡುವಾಗ ಸಿಕ್ಕಿತು. ಬ್ಯಾಕಪ್, ಪ್ಯಾಚ್, ಹಳೆಯ ಲಾಗ್ ಅಳಿಸುವುದು ಎಂದು ಮೂರು ಕೆಲಸಗಳನ್ನು ಕೊಟ್ಟಿದ್ದೆ, ಆದ್ಯತೆಯ ಸಂಖ್ಯೆ ಕೊಟ್ಟಿರಲಿಲ್ಲ. ಕೊಡದಿದ್ದರೆ ಎಲ್ಲದಕ್ಕೂ ಒಂದೇ ಆದ್ಯತೆ ಬೀಳುತ್ತದೆ. ಒಂದೇ ಆದ್ಯತೆಯ ಕೆಲಸಗಳು ಒಟ್ಟಿಗೇ ಓಡುತ್ತವೆ. ಅಂದರೆ ಬ್ಯಾಕಪ್ ಅರ್ಧದಲ್ಲಿರುವಾಗಲೇ ಪ್ಯಾಚ್ ಬಂದು ಯಂತ್ರವನ್ನು ಮಲಗಿಸಿತ್ತು. ಆ ಫೈಲನ್ನು ನಂಬಿ ಕುಳಿತಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿ. ಒಂದು, ಎರಡು, ಮೂರು ಎಂದು ಕೊಟ್ಟರೆ ಸರದಿ ಸಿಗುತ್ತದೆ, ಆದರೆ ನನಗೆ ಬೇಕಾಗಿದ್ದು ಷರತ್ತು: ಬ್ಯಾಕಪ್ ಕೈಕೊಟ್ಟರೆ ಪ್ಯಾಚ್ ಶುರುವಾಗಲೇಬಾರದು. ಆದ್ದರಿಂದ ಹಂತಗಳನ್ನು ಒಂದರ ಹಿಂದೊಂದು ತಾನೇ ನಡೆಸುವ ಆಟೊಮೇಷನ್ ರನ್‌ಬುಕ್ ಬರೆದು, ಡೇಟಾಬೇಸ್ ಡಂಪ್ (ಲೆಕ್ಕದ ದತ್ತಾಂಶದ ಪೂರ್ತಿ ಪ್ರತಿ), ಡಿಸ್ಕಿನ ಸ್ನ್ಯಾಪ್‌ಶಾಟ್ (ಆ ಕ್ಷಣದ ಇಡೀ ಡಿಸ್ಕಿನ ನಕಲು), ಆಮೇಲೆ ಪ್ಯಾಚ್ ಎಂದು ಹೆಣೆದೆ. ಯಾವ ಹಂತ ಸೋತರೂ ಅಲ್ಲಿಗೇ ನಿಲ್ಲುತ್ತದೆ. ಸ್ನ್ಯಾಪ್‌ಶಾಟ್ ಇರುವಾಗ ಡಂಪ್ ಯಾಕೆ ಎಂದು ಕಚೇರಿಯ ಗೆಳೆಯ ಕೇಳಿದ. ಓಡುತ್ತಿರುವ ಯಂತ್ರದ ಸ್ನ್ಯಾಪ್‌ಶಾಟ್, ಕರೆಂಟು ಹೋದ ಕ್ಷಣದ ಡಿಸ್ಕ್ ಇದ್ದಂತೆ. ಬಹುಪಾಲು ಎದ್ದು ಕೂರುತ್ತದೆ. ಮಾವನ ದಿನದ ಗಲ್ಲಾ ಲೆಕ್ಕವನ್ನು ಆ 'ಬಹುಪಾಲಿಗೆ' ಒಪ್ಪಿಸಲು ನನಗೆ ಧೈರ್ಯವಿಲ್ಲ.

ವಿಂಡೋ ಎರಡರಿಂದ ಐದರವರೆಗೆ ಮೂರು ತಾಸಿನದು, ಅದು ಮುಗಿಯುವ ಒಂದು ತಾಸು ಮೊದಲೇ ಕಟ್‌ಆಫ್. ನಾಲ್ಕು ಗಂಟೆಯಾದ ಮೇಲೆ ಹೊಸ ಕೆಲಸ ಹಿಡಿಯುವಂತಿಲ್ಲ. ಒಂದು ಸಲಕ್ಕೆ ಒಂದೇ ಸರ್ವರ್. ಅನುಮತಿಗಳ ಗೋಜಲಿಗೆ ಅರ್ಧ ದಿನ ಹೋಯಿತು, ಅದು ಎಲ್ಲರಿಗೂ ಹೋಗುತ್ತದೆ. ಮೊದಲ ಎರಡು ವಾರ ಪ್ಯಾಚ್ ಹಂತವನ್ನು ಬರೀ ಸ್ಕ್ಯಾನ್‌ಗೆ ಇಟ್ಟು, ಏನೇನು ಬಾಕಿಯಿದೆ ಎಂದಷ್ಟೇ ನೋಡಿದೆ. ಈಗ ವೇಳಾಪಟ್ಟಿಯಲ್ಲಿ ಒಂದಕ್ಷರ ತಿದ್ದಿದರೂ, ಮುಂದಿನ ಐದು ಸಲ ಅದು ಯಾವಾಗ ಓಡಲಿದೆ ಎಂದು ಕಮಾಂಡ್ ಕೊಟ್ಟು ಕೇಳಿ, ಗೋಡೆಯ ಕ್ಯಾಲೆಂಡರ್ ಪಕ್ಕ ನಿಂತು ತಾಳೆ ಹಾಕುತ್ತೇನೆ. ಆ ಶುಕ್ರವಾರ ಈ ಎರಡು ನಿಮಿಷದ ಕೆಲಸ ಮಾಡಿದ್ದರೆ ಮಾಣಿಯವರ ಪೆನ್ಸಿಲ್ ಕಿವಿಯ ಹಿಂದೆಯೇ ಇರುತ್ತಿತ್ತು.

2024ರ ಚೌತಿ ಶನಿವಾರ ಬಂದಿತ್ತು. ಮಾಟುಂಗಾದ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ ಸಮಾಜದ) ಗಣಪತಿ ನೋಡಲು ಐದೂ ದಿನ ಜನವೋ ಜನ. ಸೋಮವಾರದ ರಜೆ ರದ್ದು, ನಸುಕಿನವರೆಗೂ ಅಂಗಡಿ ತೆರೆದಿರುತ್ತದೆ ಎಂದು ಮಾವ ಭಾನುವಾರ ಮಧ್ಯಾಹ್ನ ಹೇಳಿದರು. ಮೊಬೈಲ್‌ನಲ್ಲೇ ಅಮೆಜಾನ್‌ನ ನಿಯಂತ್ರಣ ಪುಟ (ಕನ್ಸೋಲ್) ತೆರೆದು ವಿಂಡೋ ಬಂದ್ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಬೇರೆ ಯಾವುದೋ ಸಣ್ಣ ತಿದ್ದುಪಡಿಗೆ ಟೆರಾಫಾರ್ಮ್ ಓಡಿಸಲು ಹೊರಟಾಗ, ಏನೇನು ಬದಲಿಸಲಿದ್ದೇನೆ ಎಂದು ಅದು ಮೊದಲೇ ತೋರಿಸುವ ಪ್ಲ್ಯಾನ್‌ನ ನಡುವೆ ಒಂದು ಸಾಲು ಕಂಡಿತು: ನಾನು ಕೈಯಾರೆ ಆರಿಸಿದ್ದ ವಿಂಡೋವನ್ನು ಅದು ಮತ್ತೆ ಚಾಲೂ ಮಾಡಲು ಸಿದ್ಧವಾಗಿತ್ತು. ಕೋಡ್‌ನಲ್ಲಿ ಚಾಲೂ ಎಂದಿದೆ, ಅದರ ತಪ್ಪೇನೂ ಇಲ್ಲ. ಫೈಲಿನಲ್ಲೇ ಬಂದ್ ಎಂದು ಬರೆದು, ಪಕ್ಕದಲ್ಲಿ 'ಚೌತಿ, ಒಂದು ವಾರ' ಎಂದು ಟಿಪ್ಪಣಿ ಹಾಕಿ ಮಲಗಿದೆ.

ಮುಂದಿನ ಭಾನುವಾರ ಮಾವನೇ ಫೋನ್ ಮಾಡಿದರು. "ನಾಳೆ ರಜೆ ಉಂಟು. ನಿನ್ನ ಯಂತ್ರಕ್ಕೂ ಹೇಳು."