ಕೊನೆ ಹೇಳದ ಸಿನಿಮಾವನ್ನು ನಾಲ್ಕು ಮಂದಿ ಕೂಡಿ ನೋಡುವುದು ಹೇಗೆ

ನಮ್ಮ ಕಡೆಯ ಮಂದಿ ಮಂಗಳ ಹಾಡುವ ತನಕ ಕೂತು ದೊಡ್ಡಾಟ ನೋಡಿದವರು. ಹಳೆಯ ಕನ್ನಡ ಸಿನಿಮಾದಲ್ಲೂ ಪರದೆ ಮೇಲೆ ‘ಶುಭಂ’ ಬಿದ್ದ ಮೇಲೆಯೇ ಎದ್ದು ಚಪ್ಪಲಿ ಹುಡುಕುವ ರೂಢಿ. ಇಂಥವರ ಮುಂದೆ ಕೊನೆಯನ್ನು ಹೇಳದೆ ಬಿಡುವ ಸಿನಿಮಾ ಹಾಕಿದರೆ ಮೊದಲು ಬರುವುದು ಸಿಟ್ಟು. ಆ ಸಿಟ್ಟನ್ನು ನಾನು ಗೌರವಿಸುತ್ತೇನೆ. ಎರಡು ತಾಸು ಯಾರದೋ ಸಂಸಾರದ ಕಷ್ಟದಲ್ಲಿ ಪಾಲುಗೊಂಡವರಿಗೆ ಮುಂದೇನಾಯಿತು ಎಂದು ಕೇಳುವ ಹಕ್ಕು ಖಂಡಿತ ಇದೆ. ಸಿಟ್ಟು ಮಾತಾಗುವ ಮೊದಲೇ ಮಂದಿ ಎದ್ದು ಹೋಗದಂತೆ ನೋಡಿಕೊಳ್ಳುವುದು ತೋರಿಸುವವರ ಕೆಲಸ.

ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಕನ್ನಡ ಟೀಚರ್. ನಮ್ಮ ಮಾಳಿಗೆಯ ಮೇಲೆ ಓಣಿಯವರಿಗೆ, ನನ್ನ ವಿದ್ಯಾರ್ಥಿಗಳಿಗೆ, ಅವರ ಮನೆಯವರಿಗೆ ಆಗಾಗ ಸಿನಿಮಾ ತೋರಿಸುತ್ತೇನೆ. ನೀವೂ ನಿಮ್ಮೂರಲ್ಲಿ ಹೀಗೆ ಮಾಡುವುದಾದರೆ ಇದನ್ನು ಓದಿ. ಕೆಲವು ಸಿನಿಮಾಗಳ ಕೊನೆಯನ್ನು ಇಲ್ಲಿ ಹೇಳಲೇಬೇಕಾಗಿದೆ, ಮೊದಲೇ ತಿಳಿಸಿಬಿಡುತ್ತೇನೆ.

ಸಿನಿಮಾ ಆರಿಸುವಾಗ ಒಂದು ವ್ಯತ್ಯಾಸ ಗೊತ್ತಿರಲಿ. ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಎಂದು 2015ರಲ್ಲಿ ಕೇಳಿ 2017ರಲ್ಲಿ ಉತ್ತರ ಕೊಟ್ಟರಲ್ಲ, ಅದು ತೆರೆದ ಕೊನೆಯಲ್ಲ, ಮುಂದಿನ ಭಾಗಕ್ಕೆ ಹಾಕಿದ ಗಂಟು. 2010ರ ‘ಇನ್ಸೆಪ್ಷನ್’ ಬೇರೆ ಜಾತಿಯದು. ಮೇಜಿನ ಮೇಲೆ ಬುಗುರಿ ತಿರುಗುತ್ತಿರುವಾಗಲೇ ಪರದೆ ಕಪ್ಪಾಗುತ್ತದೆ. ಅದು ಬಿದ್ದರೆ ನಾಯಕ ಎಚ್ಚರದಲ್ಲಿದ್ದಾನೆ, ಬೀಳದಿದ್ದರೆ ಕನಸಿನಲ್ಲಿ. ಬುಗುರಿ ಬಿತ್ತೋ ಇಲ್ಲವೋ ಎಂದು ಹುಡುಗರು ವಾರಗಟ್ಟಲೆ ವಾದ ಮಾಡುತ್ತಾರೆ, ನಾಯಕ ಮಾತ್ರ ಅದರ ಕಡೆ ನೋಡದೆ ಮಕ್ಕಳ ಹತ್ತಿರ ಹೋಗಿಬಿಟ್ಟಿರುತ್ತಾನೆ. ಆ ವಾದವೂ ಚೆಂದವೇ. ಆದರೆ ಮನೆಮಂದಿಯೆಲ್ಲ ಕೂಡಿ ನೋಡುವಾಗ ಒಗಟಿಗಿಂತ ಒಂದು ಕಠಿಣ ಆಯ್ಕೆಯ ಮುಂದೆ ನಿಲ್ಲಿಸುವ ಸಿನಿಮಾ ಹೆಚ್ಚು ಮಾತಾಡಿಸುತ್ತದೆ. ನಾನು ಯಾರಿಗಾದರೂ ಮೊದಲು ಹೇಳುವುದು ಇರಾನಿನ ಅಸ್ಗರ್ ಫರ್ಹಾದಿಯವರ ‘ಎ ಸೆಪರೇಷನ್’, 2011ರದು.

ಕತೆ ಇಷ್ಟು. ಹೆಂಡತಿ ಸಿಮಿನ್‌ಗೆ ಮಗಳನ್ನು ಕರೆದುಕೊಂಡು ದೇಶ ಬಿಡಬೇಕಾಗಿದೆ. ಗಂಡ ನಾದರ್ ಮರೆವಿನ ರೋಗ ಹಿಡಿದ ಅಪ್ಪನನ್ನು ಬಿಟ್ಟು ಬರಲಾರ. ನಡುವೆ ಮಗಳು ತೆರ್ಮೆ. ಕೊನೆಯಲ್ಲಿ ಅಪ್ಪ ಬೇಕೋ ಅಮ್ಮ ಬೇಕೋ ಎಂದು ನ್ಯಾಯಾಧೀಶರು ಆಕೆಯನ್ನೇ ಕೇಳುತ್ತಾರೆ. ನಿರ್ಧಾರ ಆಗಿದೆ ಎನ್ನುತ್ತಾಳೆ, ಕಣ್ಣೀರು ಇಳಿಯುತ್ತದೆ, ನ್ಯಾಯಾಧೀಶರು ಅಪ್ಪ ಅಮ್ಮ ಇಬ್ಬರನ್ನೂ ಹೊರಗೆ ಕಳಿಸುತ್ತಾರೆ. ಕೋರ್ಟಿನ ಪಡಸಾಲೆಯಲ್ಲಿ ಗಾಜಿನ ಅಡ್ಡಗೋಡೆಯ ಈಚೆ ಒಬ್ಬರು ಆಚೆ ಒಬ್ಬರು ಕಾಯುತ್ತಿರುವಾಗ ಹೆಸರುಗಳು ಬರತೊಡಗುತ್ತವೆ. ಮಗಳ ಉತ್ತರ ನಮಗೆ ಕೇಳಿಸುವುದಿಲ್ಲ.

ಇಲ್ಲೊಂದು ಮುಖ್ಯವಾದ ಮಾತು. ಹೆಸರು ಬರುವಾಗಲೂ ಆ ಇಬ್ಬರು ಕಾಯುತ್ತಲೇ ಇರುತ್ತಾರೆ, ಸಿನಿಮಾ ಇನ್ನೂ ನಡೆದಿದೆ. ಮೊಬೈಲ್ ಆ್ಯಪ್‌ನಿಂದಲೋ ಸ್ಮಾರ್ಟ್ ಟಿವಿಯಿಂದಲೋ ತೋರಿಸುತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಬಂದ್ ಮಾಡಿ. ಇಲ್ಲದಿದ್ದರೆ ಸರಿಯಾಗಿ ಆ ಹೊತ್ತಿಗೆ ಚಿತ್ರ ಮೂಲೆಗೆ ಸರಿದು ಇನ್ಯಾವುದೋ ಸಿನಿಮಾ ಶುರುವಾಗಬಹುದು. ರಿಮೋಟ್ ನಿಮ್ಮ ಕೈಯಲ್ಲೇ ಇರಲಿ. ಹೆಸರು ಪೂರ್ತಿ ಮುಗಿಯುವ ತನಕ ಯಾರೂ ಲೈಟ್ ಹಚ್ಚಬಾರದು ಎಂದು ಮೊದಲೇ ಹೇಳಿಡಿ.

ಉಳಿದ ತಯಾರಿ ಹೆಚ್ಚೇನಿಲ್ಲ. ಬೇಸಿಗೆಯಾದರೆ ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಹೊಡೆಯಿರಿ, 42 ಡಿಗ್ರಿ ಬಿಸಿಲು ಕುಡಿದ ಸ್ಲ್ಯಾಬ್ ಹಾಗೇ ಕೂರಗೊಡುವುದಿಲ್ಲ. ಏಳೂವರೆಗೆ ಶುರು ಮಾಡಿದರೆ ಸುಮಾರು ಒಂಬತ್ತೂವರೆಗೆ ಮುಗಿಯುತ್ತದೆ, ಮಾತಿಗೆ ಮುಕ್ಕಾಲು ತಾಸು ಸಿಗುತ್ತದೆ. ಮಿರ್ಚಿ ಭಜಿ, ಚುರುಮುರಿ ಏನಿದ್ದರೂ ಮೊದಲೇ ತಿನ್ನಿಸಿಬಿಡಿ. ಕೊನೆಗೆ ಇಟ್ಟರೆ ಎಲ್ಲರ ಗಮನ ತಾಟಿನ ಕಡೆ ಹೋಗುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಓದಲು ಬಾರದವರ ಹತ್ತಿರ ಓದಬಲ್ಲ ಒಬ್ಬರನ್ನು ಕೂರಿಸಿ, ಮೆಲ್ಲಗೆ ಕನ್ನಡದಲ್ಲಿ ಹೇಳುತ್ತ ಹೋಗಲಿ. ನಮ್ಮ ಓಣಿಯ ಉರ್ದು ಮಾತಾಡುವ ಖಾಲಾ ಮಾತ್ರ ತಲಾಖ್, ಶಿಕಾಯತ್‌ನಂಥ ಮಾತುಗಳನ್ನು ಸಿನಿಮಾದ ಪಾರಸಿ ಭಾಷೆಯಲ್ಲೇ ಹಿಡಿದು ನಮಗಿಂತ ಮುಂದಿದ್ದರು. ಪಾರಸಿಯಲ್ಲಿ ದರ್ಬಾರು ನಡೆಸುತ್ತಿದ್ದ ಬಹಮನಿ ಸುಲ್ತಾನರು 1347ರಲ್ಲಿ ರಾಜಧಾನಿ ಮಾಡಿಕೊಂಡ ಊರಿದು, ಪಾರಸಿ ನಮಗೆ ತೀರಾ ಪರಕೀಯವೇನಲ್ಲ.

ಸಿನಿಮಾ ಮುಗಿದೊಡನೆ ನೀವು ಮಾತಾಡಬೇಡಿ. ಯಾರಾದರೂ ಕೇಳೇ ಕೇಳುತ್ತಾರೆ. ನಮ್ಮಲ್ಲಿ ಕೇಳಿದವರು ಪಕ್ಕದ ಮನೆಯ ಮಾವಶಿ. “ಕೂಸು ಯಾರ ಸಂಗಟ ಹೋಯ್ತು ಅಂಬದು ಹೇಳಲಾರ್ದೆ ಮುಗಸ್ಯಾರಲ್ಲ, ಇದ್ಯಾತರ ಪಿಚ್ಚರ್ ಟೀಚರ್?” ಆಗ ಅರ್ಥ ವಿವರಿಸಲು ಹೋಗಬಾರದು, ಟೀಚರ್ ಆದವರಂತೂ ಹೋಗಲೇಬಾರದು. ಪ್ರಶ್ನೆಯನ್ನು ಹೀಗೆ ತಿರುಗಿಸಿ: “ಯಾರ ಸಂಗಟ ಹೋಗ್ಬೇಕಂತ ನಿಮಗ ಅನಸ್ತು? ಯಾವ ಸೀನ್ ನೋಡಿ ಹಂಗ ಅನಸ್ತು?” ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಅದಿಲ್ಲದಿದ್ದರೆ ಬರೀ ಓಟು ಹಾಕಿದಂತಾಗುತ್ತದೆ.

ಮಾವಶಿ ಅಮ್ಮನ ಕಡೆ. ಮನೆಯಲ್ಲಿ ಹಾಸಿಗೆ ಹಿಡಿದ ಮಾವನನ್ನು ನೋಡಿಕೊಳ್ಳುವ ಒಬ್ಬ ಕಾಕಾ ಅಪ್ಪನ ಕಡೆ. ನಡುವೆ ಅಪ್ಪನ ಮೇಲೆ ಬಿದ್ದ ಒಂದು ಕೇಸಿನಿಂದ ಅವನನ್ನು ಉಳಿಸಲು ಮಗಳು ನ್ಯಾಯಾಧೀಶರ ಮುಂದೆ ಸುಳ್ಳು ಹೇಳಿ, ಆಮೇಲೆ ಕಾರಿನಲ್ಲಿ ಕೂತು ಅಳುವ ದೃಶ್ಯವನ್ನು ಇಬ್ಬರೂ ಸಾಕ್ಷಿಗೆ ತಂದರು. ಆಕೆಗೆ ಅಪ್ಪನ ಮೇಲೆ ಅಷ್ಟು ಜೀವ ಎಂದು ಕಾಕಾ, ಆ ಸುಳ್ಳಿನಿಂದಲೇ ಅಪ್ಪನ ಮೇಲಿನ ನಂಬಿಕೆ ಹೋಯಿತು ಎಂದು ಮಾವಶಿ. ಒಂದೇ ದೃಶ್ಯ ಎರಡು ಕಡೆಗೂ ಸಾಕ್ಷಿಯಾಗುತ್ತಿದ್ದರೆ ಆ ಕೊನೆಯನ್ನು ನಿರ್ದೇಶಕ ದುಡಿದು ಗಳಿಸಿದ್ದಾನೆ ಎಂದು ತಿಳಿಯಿರಿ.

ಎಲ್ಲರ ಮಾತಾದ ಮೇಲೆ ಸುಮ್ಮನೆ ಕೂತವರನ್ನು ಕೇಳಿ. ನಮ್ಮಲ್ಲಿ ಒಂಬತ್ತನೆಯ ಕ್ಲಾಸಿನ ಒಬ್ಬ ಹುಡುಗ ಇದ್ದ. ಅವನ ಅಪ್ಪ ಅಮ್ಮ ದುಡಿಯಲು ಪುಣೆಗೆ ಗುಳೆ ಹೋಗಿದ್ದಾರೆ, ಅವನು ಅಜ್ಜಿ ಹತ್ತಿರ ಇರುತ್ತಾನೆ. “ಆಕಿ ಹೇಳ್ಯಾಳ್ರಿ ಟೀಚರ್. ನಮಗ ಕೇಳಸಲಾರ್ದಂಗ ಹೇಳ್ಯಾಳ” ಎಂದ. ಅಷ್ಟು ಹೊತ್ತು ನಾವೆಲ್ಲ ಉತ್ತರವೇ ಇಲ್ಲವೆಂಬಂತೆ ವಾದ ಮಾಡಿದ್ದೆವು. ಉತ್ತರ ಇದೆ, ಅದು ಆ ಹುಡುಗಿಯದು, ಕೇಳುವ ಅಧಿಕಾರ ನಮಗಿಲ್ಲ. ತೆರೆದ ಕೊನೆಗಳ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಯಾರಿಂದಲೂ ಕೇಳಿಲ್ಲ.

ಸಾಧ್ಯವಾದರೆ ಆಮೇಲೆ ಕೊನೆಯ ದೃಶ್ಯವನ್ನು ಇನ್ನೊಮ್ಮೆ ಹಾಕಿ. ಆಗ ಬಟ್ಟೆ ಗಮನಿಸಲು ಹೇಳಿ. ಮನೆಯವರು ಕಪ್ಪು ಉಟ್ಟಿದ್ದಾರೆ, ಅಜ್ಜ ತೀರಿಕೊಂಡಿರಬಹುದು. ಹಾಗಿದ್ದರೆ ನಾದರ್ ದೇಶ ಬಿಡದಿರಲು ಕೊಟ್ಟ ಕಾರಣ ಈಗ ಉಳಿದಿಲ್ಲ, ಆದರೂ ಇಬ್ಬರೂ ಕೂಡಲಿಲ್ಲ. ಇದನ್ನು ಕಂಡಾಗ ಮಾವಶಿ ಸೆರಗು ಬಾಯಿಗೆ ಹಿಡಿದರು. ಮಾತು ಮಗಳಿಂದ ಗಂಡಹೆಂಡಿರ ಹಟದ ಕಡೆ ಹೊರಳಿತು.

ಎಲ್ಲ ತೆರೆದ ಕೊನೆಗಳೂ ಹೀಗೆ ದಕ್ಕುವುದಿಲ್ಲ. ನಡುವೆ ಎತ್ತಿದ ಎಳೆಯನ್ನು ಮರೆತು, ಮುಗಿಸಲು ಬಾರದೆ ನಿಲ್ಲಿಸಿದವೂ ಬೇಕಾದಷ್ಟಿವೆ. ಪರೀಕ್ಷೆ ಸರಳ. ಕೊನೆ ಹೀಗಾದರೆ ಎಂದು ಒಮ್ಮೆ, ಹಾಗಾದರೆ ಎಂದು ಇನ್ನೊಮ್ಮೆ ಊಹಿಸಿ. ಎರಡು ಸಲವೂ ಹಿಂದೆ ನೋಡಿದ ದೃಶ್ಯಗಳ ಅರ್ಥ ಬದಲಾಗಬೇಕು. ಏನೂ ಬದಲಾಗದಿದ್ದರೆ ಮಂದಿಯ ಸಿಟ್ಟೇ ಸರಿ, ಅವರ ಜೊತೆ ನೀವೂ ಸಿಟ್ಟಾಗಿ.

‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ವೀಡಿಯೊಗಳನ್ನು ಮಾರನೆಯ ದಿನದ ತನಕ ನೋಡಬೇಡಿ ಎಂದು ಹುಡುಗರಿಗೆ ಹೇಳಿ. ಬೇರೆಯವರ ಉತ್ತರ ಮೊದಲೇ ಕಿವಿಗೆ ಬಿದ್ದರೆ ತನ್ನದು ಹುಟ್ಟುವುದಿಲ್ಲ.

ಎರಡನೆಯ ಸಲಕ್ಕೆ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹಾಕಿ. ವೇದ ಕಲಿಯಲು ಬಂದ ಹುಡುಗ ನಾಣಿಯನ್ನು ಅಪ್ಪ ಕರೆದುಕೊಂಡು ಹೋಗುತ್ತಾನೆ, ಬಸಿರಾದಳೆಂದು ಜಾತಿಯಿಂದ ಹೊರಹಾಕಿ ತಲೆ ಬೋಳಿಸಿದ ವಿಧವೆ ಯಮುನಕ್ಕ ಮರದ ಕೆಳಗೆ ಉಳಿಯುತ್ತಾಳೆ. ಆಕೆಯ ಮುಂದಿನ ಬದುಕಿನ ಬಗ್ಗೆ ಸಿನಿಮಾ ಏನೂ ಹೇಳುವುದಿಲ್ಲ. ಆ ದಿನ ಹೆಣ್ಣುಮಕ್ಕಳಿಗೆ ಮೊದಲು ಮಾತಾಡಲು ಬಿಡಿ, ಗಂಡಸರು ಆಮೇಲೆ ಹೇಳಲಿ. ಮುಕ್ಕಾಲು ತಾಸು ಸಾಲದು, ಒಂದೂವರೆ ತಾಸು ಇಟ್ಟುಕೊಳ್ಳಿ.