ಮೀನಿನ 407ಕ್ಕೆ ಒಂದೇ ಬೆಲ್ಟ್

ಟಾಟಾ 407 ರಸ್ತೆಗಿಳಿದದ್ದು 1986ರಲ್ಲಿ. ಅದರ ಹಳೆಯ 497 ಎಂಜಿನ್, ಅಂದರೆ 97 ಮಿ.ಮೀ. ಬೋರಿನ, 2,956 ಸಿಸಿಯ ನಾಲ್ಕು ಸಿಲಿಂಡರಿನದು, ವಿ-ಬೆಲ್ಟಿನಲ್ಲೇ ಆರಾಮಾಗಿ ಬದುಕುತ್ತದೆ. ಫ್ಯಾನು, ವಾಟರ್ ಪಂಪು, ಡೈನಮೋ (ಅಂದರೆ ಆಲ್ಟರ್ನೇಟರ್) ಇಷ್ಟೇ ಇದ್ದರೆ ಅದನ್ನು ತೆಗೆದು, ಉದ್ದಕ್ಕೂ ಸಣ್ಣ ಏಣುಗಳಿರುವ ಚಪ್ಪಟೆ ರಿಬ್ ಬೆಲ್ಟು ಹಾಕಲು ಹೋಗಲೇಬೇಡಿ. ವಿ-ಬೆಲ್ಟು ಯಾವ ಊರಿನ ಸ್ಪೇರ್ ಅಂಗಡಿಯಲ್ಲೂ ಸಿಗುತ್ತದೆ, ಎರಡು ಸ್ಪ್ಯಾನರ್ ಇದ್ದರೆ ಡ್ರೈವರೇ ಹಾಕಿಕೊಳ್ಳುತ್ತಾನೆ.

ನನ್ನ ಗಾಡಿಯ ಕಥೆ ಬೇರೆ. ಮಂಗಳೂರಿನ ಮೀನು ಬಂದರು ಧಕ್ಕೆಯಿಂದ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಮೀನು ತರುವ ಗಾಡಿ ಅದು. ತಣ್ಣನೆಯ ಪೆಟ್ಟಿಗೆಗೆ ಎಂಜಿನ್ನಿನಿಂದಲೇ ಓಡುವ ಕಂಪ್ರೆಸರ್ ಕೂರಿಸಿದ್ದೆ, ಆಮೇಲೆ ಪವರ್ ಸ್ಟೀರಿಂಗೂ ಬಂತು. ಒಂದರ ಹಿಂದೆ ಒಂದು ಮೂರು ಬೆಲ್ಟು. ಒಳಗಿನದು ಹೋದರೆ ಹೊರಗಿನ ಎರಡನ್ನೂ ಬಿಚ್ಚಬೇಕು. ಕಂಪ್ರೆಸರಿನ ಕ್ಲಚ್ಚು ಟಪ್ಪೆಂದು ಹಿಡಿದಾಗಲೆಲ್ಲ ಬೆಲ್ಟು ಕಿರುಚುತ್ತಿತ್ತು. ಕಿರುಚುತ್ತದೆಂದು ಬಿಗಿ ಮಾಡಿದರೆ ವಾಟರ್ ಪಂಪಿನ ಬೇರಿಂಗಿಗೆ ಹೊಡೆತ. ವಿ-ಬೆಲ್ಟು ಹಿಡಿಯುವುದೇ ಪುಲ್ಲಿಯ ಗ್ರೂವಿನಲ್ಲಿ, ಅಂದರೆ ಅದರ ಸುತ್ತಲಿನ ತೋಡಿನಲ್ಲಿ, ಬೆಣೆಯಂತೆ ಸಿಕ್ಕಿಕೊಂಡು. ಸವೆದಷ್ಟೂ ಕೆಳಗಿಳಿದು ಸಡಿಲವಾಗುತ್ತದೆ. ಚಪ್ಪಟೆ ರಿಬ್ ಬೆಲ್ಟಿಗೆ ತಾನಾಗಿ ಬಿಗಿ ಹಿಡಿಯುವ ಸ್ಪ್ರಿಂಗಿನ ಟೆನ್ಶನರ್ ಇರುವುದರಿಂದ ಈ ಕಾಟವಿಲ್ಲ. ಹಾಗಾಗಿ ಮೂರನ್ನೂ ತೆಗೆದು ಎಲ್ಲಕ್ಕೂ ಅಂಥ ಒಂದೇ ಬೆಲ್ಟು ಹಾಕಲು ಹೊರಟೆ.

ಬೆಲ್ಟು ಬದಲಿಸುವುದು ಅಂದರೆ ಪುಲ್ಲಿ ಬದಲಿಸುವುದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದಕ್ಕೂ ಮೊದಲು ಯಾವ ಪುಲ್ಲಿ ಯಾವ ಕಡೆಗೆ ತಿರುಗಬೇಕು ಅನ್ನುವುದನ್ನು ತೀರ್ಮಾನಿಸಬೇಕು. ವಿ-ಬೆಲ್ಟಿನಲ್ಲಿ ಎಲ್ಲ ಪುಲ್ಲಿಯೂ ಬೆಲ್ಟಿನ ಒಳಗಡೆ ಇರುತ್ತವೆ, ಎಲ್ಲವೂ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರಾಂಕ್ ತಿರುಗಿದ ಕಡೆಗೇ ತಿರುಗುತ್ತವೆ. ಹಾವಿನ ಹಾಗೆ ಸುತ್ತುವ ಒಂದೇ ಬೆಲ್ಟಿನಲ್ಲಿ ಬೆನ್ನಿಗೆ ತಾಗುವ ಪುಲ್ಲಿ ಉಲ್ಟಾ ತಿರುಗುತ್ತದೆ. ಕಂಪನಿಯಿಂದಲೇ ಹಾಗೆ ಬರುವ ಕೆಲವು ಎಂಜಿನ್ನುಗಳಲ್ಲಿ ವಾಟರ್ ಪಂಪು ಬೆಲ್ಟಿನ ಬೆನ್ನಿನಿಂದ ಓಡುತ್ತದೆ. ಅದರೊಳಗೆ ನೀರು ತಳ್ಳುವ ಇಂಪೆಲ್ಲರನ್ನೂ ಫ್ಯಾನಿನ ರೆಕ್ಕೆಯನ್ನೂ ಉಲ್ಟಾ ತಿರುಗಲೆಂದೇ ಮಾಡಿರುತ್ತಾರೆ. ನಮ್ಮ 407ರಲ್ಲಿ ಪಂಪನ್ನು ಹಾಗೆ ತಿರುಗಿಸಿದರೆ ಅದರ ಮೇಲೇ ಕೂತ ಫ್ಯಾನು ರೇಡಿಯೇಟರಿನಿಂದ ಗಾಳಿ ಎಳೆಯುವುದನ್ನು ಬಿಟ್ಟು ಎದುರಿಗೆ ಊದುತ್ತದೆ.

ಅದಕ್ಕಿಂತ ಅಪಾಯದ್ದು ಡೈನಮೋ. ಉಲ್ಟಾ ತಿರುಗಿದರೂ ಅದು ಕರೆಂಟು ಕೊಡುತ್ತದೆ, ಹಾಗಾಗಿ ‘ನಡೆಯುತ್ತೆ ಬಿಡಿ’ ಅನ್ನುವವರಿದ್ದಾರೆ. ಆದರೆ ಇದರ ಹಿಂಬದಿಗೆ, ಪೆಡಲನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪಂಪು ಜೋಡಿಸಿರುತ್ತಾರೆ. ಅದು ಒಂದೇ ದಿಕ್ಕಿನದು. ಶಿರಾಡಿ ಇಳಿಯುವಾಗ ಪೆಡಲ್ ಕಲ್ಲಾದರೆ ಏನು ಗತಿ ಎಂದು ಬಿಡಿಸಿ ಹೇಳಬೇಕಿಲ್ಲ. ಸ್ಟೀರಿಂಗ್ ಪಂಪೂ ಒಂದೇ ದಿಕ್ಕಿನದೇ. ಹಾಗಾಗಿ ಕೆಲಸ ಮಾಡುವ ಪುಲ್ಲಿಗಳೆಲ್ಲ ಬೆಲ್ಟಿನ ರಿಬ್ ಬದಿಗೆ, ಬೆನ್ನಿಗೆ ಬರೀ ಟೆನ್ಶನರ್ ಮತ್ತು ಐಡ್ಲರ್ (ಬೆಲ್ಟಿನ ದಾರಿ ತಿರುಗಿಸಲಷ್ಟೇ ಇರುವ ಪುಲ್ಲಿ) ಎಂದು ಗೆರೆ ಹಾಕಿಕೊಂಡೆ. ಎಂಜಿನ್ನಿನ ಮುಖದಷ್ಟೇ ದೊಡ್ಡ ರಟ್ಟಿನ ಮೇಲೆ ಪುಲ್ಲಿಗಳ ವೃತ್ತ ಬರೆದು, ದಾರ ಸುತ್ತಿ ನೋಡಿದ ಮೇಲೆ ದಾರಿ ನಿಚ್ಚಳವಾಯಿತು. ಟೆನ್ಶನರಿನ ಜಾಗ ಸಡಿಲ ಬದಿಯಲ್ಲಿ, ಕ್ರಾಂಕ್ ಪುಲ್ಲಿ ಬೆಲ್ಟನ್ನು ಹೊರಬಿಡುವ ಕಡೆ. ಎಳೆಯುವ ಕಡೆ ಇಟ್ಟರೆ ಪ್ರತಿ ಲೋಡಿಗೂ ಅದರ ತೋಳು ಕುಣಿಯುತ್ತದೆ.

ಇನ್ನು ಪುಲ್ಲಿ ಅಳತೆ. ವಿ-ಪುಲ್ಲಿಯ ಹೊರ ಅಂಚು ಅಳೆದು ಅದೇ ಸೈಜಿಗೆ ಹೊಸದನ್ನು ಕಡೆಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ವಿ-ಬೆಲ್ಟು ಕೂರುವುದು ಗ್ರೂವಿನೊಳಗೆ. ನಾನು ಅಳೆಯುವ ಬದಲು ಎಣಿಸಿದೆ. ಕ್ರಾಂಕಿಗೂ ಪಂಪಿಗೂ ಸೀಮೆಸುಣ್ಣದ ಗೀಟು ಹಾಕಿ, ಕ್ರಾಂಕನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ, ಪಂಪು ಎಷ್ಟು ಸುತ್ತಿತು ಎಂದು ನೋಡುವುದು. ಹೊಸ ಪುಲ್ಲಿಗಳ ಅನುಪಾತ ಅದಕ್ಕೆ ಹೊಂದಿದರೆ ಫ್ಯಾನಿನ ವೇಗ ಮೊದಲಿನಂತೆಯೇ ಇರುತ್ತದೆ.

ಕಂಪ್ರೆಸರಿಗೂ ಡೈನಮೋಗೂ ರಿಬ್ ಪುಲ್ಲಿಗಳು ಬೆಂಗಳೂರಿನ ಜೆಸಿ ರಸ್ತೆಯಲ್ಲಿ ರೆಡಿ ಸಿಕ್ಕವು. ಕ್ರಾಂಕ್, ವಾಟರ್ ಪಂಪು, ಸ್ಟೀರಿಂಗಿನದನ್ನು ಇಎನ್8 ಉಕ್ಕಿನಲ್ಲಿ ಲೇತಿಗೆ ಹಾಕಿಸಿದೆ. ಕಂಪ್ರೆಸರಿನ ಭಾರಕ್ಕೆಂದು ಎಂಟು ರಿಬ್ಬಿನ 8ಪಿಕೆ ಆರಿಸಿಕೊಂಡಿದ್ದೆ. ಪಿಕೆ ಅಂದರೆ ರಿಬ್ಬಿನಿಂದ ರಿಬ್ಬಿಗೆ 3.56 ಮಿ.ಮೀ., ಗ್ರೂವಿನ ಕೋನ 40 ಡಿಗ್ರಿ. ಟರ್ನರ್ ಹಳೆಯ ಕೈ. “ಮೂರೂವರೆ ಅಂತ ಹಿಡ್ಕೊಂಡ್ರೆ ಆಗಲ್ವೇನಣ್ಣಾ?” ಎಂದ. ಒಂದು ಗ್ರೂವಿಗೆ ಆಗುತ್ತದೆ. ಎಂಟನೆಯದಕ್ಕೆ ಬರುವಷ್ಟರಲ್ಲಿ ತಪ್ಪು ಕೂಡಿ ಕೂಡಿ 0.4 ಮಿ.ಮೀ. ದಾಟುತ್ತದೆ, ರಿಬ್ಬು ಗ್ರೂವಿನ ಗೋಡೆ ಹತ್ತುತ್ತದೆ. ಮೊದಲ ಗ್ರೂವಿಗೂ ಕೊನೆಯದಕ್ಕೂ ಒಂದೇ ದಪ್ಪದ ಎರಡು ಪಿನ್ನು ಇಟ್ಟು ವರ್ನಿಯರ್ ಹಿಡಿದರೆ ನಡುವಿನಿಂದ ನಡುವಿಗೆ 24.92 ಬರಬೇಕು. ಬರುವವರೆಗೆ ಪುಲ್ಲಿಯನ್ನು ಲೇತಿನ ಚಕ್ಕಿನಿಂದ ಬಿಚ್ಚಿಸಲಿಲ್ಲ. ಕ್ರಾಂಕ್ ಪುಲ್ಲಿಯ ಮೇಲೆ ಟಿಡಿಸಿ ಗುರುತು (ಪಿಸ್ಟನ್ ತೀರಾ ಮೇಲಕ್ಕೆ ಬಂದುದನ್ನು ತೋರಿಸುವುದು) ಇರುವ ಎಂಜಿನ್ನಾದರೆ, ಹಳೆಯದನ್ನು ಬಿಚ್ಚುವ ಮೊದಲೇ ಅದನ್ನು ಹೊಸದಕ್ಕೆ ಇಳಿಸಿಕೊಳ್ಳಿ. ಪಂಪಿನ ಪುಲ್ಲಿ ದಪ್ಪವಾದರೆ ಫ್ಯಾನು ಅಷ್ಟು ಮುಂದಕ್ಕೆ ಬಂದು ರೇಡಿಯೇಟರಿಗೆ ಹತ್ತಿರವಾಗುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಬ್ರಾಕೆಟ್ಟುಗಳು 10 ಮಿ.ಮೀ. ಪ್ಲೇಟಿನವು, ಎಲ್ಲವೂ ಎಂಜಿನ್ನಿಗೇ ಬೋಲ್ಟು. ಚಾಸಿಗೆ ಕಟ್ಟಿದರೆ ಎಂಜಿನ್ ಮೌಂಟಿಂಗಿನ ಮೇಲೆ ಅಲುಗಿದಾಗಲೆಲ್ಲ ಲೈನು ತಪ್ಪುತ್ತದೆ. ವಿ-ಬೆಲ್ಟು ಸ್ವಲ್ಪ ಓರೆಯನ್ನು ಸಹಿಸಿಕೊಳ್ಳುತ್ತದೆ, ರಿಬ್ ಬೆಲ್ಟು ಸಹಿಸುವುದಿಲ್ಲ. ಸ್ಟ್ರೇಟ್‌ಎಡ್ಜ್ ಇಟ್ಟು, ಒಂದಡಿ ದೂರಕ್ಕೆ ಒಂದೂವರೆ ಮಿ.ಮೀ. ಮೀರದಂತೆ ವಾಷರು ಹಾಕಿ ಸರಿಪಡಿಸಿದೆ. ಟೆನ್ಶನರ್ ಮಾತ್ರ ಹೊಸದು. ಗುಜರಿಯದರಲ್ಲಿ ಸ್ಪ್ರಿಂಗು ಎಷ್ಟು ಸೋತಿದೆಯೋ ಯಾರಿಗೆ ಗೊತ್ತು?

ಬೆಲ್ಟಿನ ಉದ್ದಕ್ಕೆ ದಾರ ಸಾಲದು, ದಾರಕ್ಕೆ ಬೆಲ್ಟಿನ ದಪ್ಪವಿಲ್ಲ. ಹಳೆಯ ರಿಬ್ ಬೆಲ್ಟೊಂದನ್ನು ಕತ್ತರಿಸಿ ಅದೇ ದಾರಿಯಲ್ಲಿ ಸುತ್ತಿ, ಟೆನ್ಶನರ್ ತೋಳನ್ನು ಅದರ ಓಟದ ನಡುವೆ ನಿಲ್ಲಿಸಿ, ತುದಿಗಳು ಕೂಡುವಲ್ಲಿ ಗುರುತು ಹಾಕಿದೆ. ಅಂಗಡಿಯವರಿಗೆ ಆ ಅಳತೆ ಸಾಕು: 1,700 ಮಿ.ಮೀ. ಬಂದರೆ 8ಪಿಕೆ1700 ಎಂದು ಕೇಳುವುದು.

ಸ್ಟಾರ್ಟ್ ಮಾಡಿದಾಗ ಚಿಲಿಪಿಲಿ ಸದ್ದು. ಇಂಥದಕ್ಕೆ ಸುಲಭದ ಪರೀಕ್ಷೆಯಿದೆ: ಓಡುತ್ತಿರುವ ಬೆಲ್ಟಿನ ರಿಬ್ ಬದಿಗೆ ದೂರದಿಂದ ನೀರು ಚಿಮುಕಿಸಬೇಕು, ಕೈ ಫ್ಯಾನಿನ ಹತ್ತಿರ ಹೋಗಬಾರದು. ಸದ್ದು ಒಂದು ಗಳಿಗೆ ನಿಂತರೆ ಲೈನು ಓರೆ, ಜೋರಾದರೆ ಬಿಗಿ ಕಡಿಮೆ. ನನ್ನದು ನಿಂತಿತು. ಸ್ಟೀರಿಂಗ್ ಪಂಪಿನ ಹಿಂದೆ ತೆಳು ವಾಷರೊಂದು ಹೋದ ಮೇಲೆ ಸುಮ್ಮನಾಯಿತು. ಈಗ ಕಂಪ್ರೆಸರ್ ಕ್ಲಚ್ಚು ಹಿಡಿದರೆ ಟೆನ್ಶನರಿನ ತೋಳು ಚೂರು ಅಲುಗುತ್ತದೆ, ಅಷ್ಟೇ.

ಒಂದು ವಿಷಯ ಮುಚ್ಚಿಡುವಂತಿಲ್ಲ. ಈ ಬೆಲ್ಟು ಹರಿದರೆ ಫ್ಯಾನು, ಚಾರ್ಜು, ಸ್ಟೀರಿಂಗು, ವ್ಯಾಕ್ಯೂಮು ಎಲ್ಲವೂ ಒಟ್ಟಿಗೇ ಹೋಗುತ್ತವೆ. ಚಾರ್ಜ್ ಲೈಟು ಹೊತ್ತಿತೆಂದರೆ ಬೂಸ್ಟರಿನಲ್ಲಿ ಉಳಿದ ಒಂದೆರಡು ಒತ್ತಿನೊಳಗೆ ಗಾಡಿಯನ್ನು ಬದಿಗೆ ಹಾಕಬೇಕೆಂದು ಡ್ರೈವರಿಗೆ ಹೇಳಿಟ್ಟಿದ್ದೇನೆ. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟು ಬಿರುಕು ತೋರಿಸದೆಯೇ ಸವೆಯುತ್ತದೆ, ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ. ಹಾಗಾಗಿ ಬೆಲ್ಟಿನ ರಿಬ್ಬುಗಳ ನಡುವಿನ ಗ್ರೂವುಗಳ ಆಳವನ್ನು ಗೇಜ್ ಇಟ್ಟು ನೋಡುತ್ತೇನೆ. ಸೀಟಿನಡಿಯಲ್ಲಿ ಒಂದು ಹೊಸ ಬೆಲ್ಟು, ಜೊತೆಗೆ ಐಡ್ಲರಿಗೆ ಒಂದು 6203 ಬೇರಿಂಗು ಯಾವಾಗಲೂ ಇರುತ್ತವೆ. ಘಾಟಿಯ ನಡುವೆ ಎರಡೂ ಸಿಗುವುದಿಲ್ಲ.